ಮುಪ್ಪಿನ ಹಿಟ್ಟು

"ಹೊಟ್ಟೆ ಅಂತ ಒಂದ ಮಡೀಕಂಡಿದ್ದೀಯಲ್ಲ, ಅದೇನು ಬರೀ ನನ್ ರಾಗಿ ತುಂಬ್ಸಾಕಾ? ಆರು ವರ್ಸ ಆಯ್ತು ಕಣೇ ಮುಂಡೆ! ನನ್ನ ಎಮ್ಮೆ ಎಷ್ಟೇ ಸೋಮಾರಿಯಾದ್ರೂ ಎರಡು ವರ್ಸಕ್ಕೊಂದು ಈಯ್ತದೆ!"

ಪಟೇಲ ಬೈರಪ್ಪ ಜಗಲಿಯ ಮೇಲೆ ಕೂತು ಎಲೆಯಡಿಕೆ ಅಗಿಯುತ್ತಲೇ ಇಷ್ಟನ್ನೂ ಹೇಳಿದ. ಅಂಗಳದ ಆಚೆ, ಕೇರಿಯವರು ದಾಟಬಾರದೆಂದು ನೆಟ್ಟಿದ್ದ ಕಲ್ಲಿನ ಪಕ್ಕದಲ್ಲಿ ಮಾರಮ್ಮ ಸಗಣಿ ಮಂಕರಿ ಹೊತ್ತು ನಿಂತಿದ್ದಳು. ಸಗಣಿ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಅವಳಿಗೆ ಅಳು ಬರಬೇಕಾಗಿತ್ತು. ಬಂದದ್ದು ನಗು. ಹುಟ್ಟಿನಿಂದಲೂ ಅವಳಿಗೆ ಇದೊಂದು ರೋಗ, ನಗಬಾರದ ಕಡೆಯೇ ನಗು ಉಕ್ಕುವುದು. ಸೆರಗು ಕಚ್ಚಿದಳು, ತುಟಿ ಕಚ್ಚಿದಳು, ಕೊನೆಗೆ ಬಾಯಿ ಅವಳ ಮಾತು ಕೇಳಲಿಲ್ಲ.

"ಎಮ್ಮೆಗೆ ಹಿಂಡಿ ಆಕ್ತೀರಲ್ಲ ಬುದ್ದೀ!"

ಕೊಟ್ಟಿಗೆಯೊಳಗೆ ಯಾರೋ ಕಿಸಕ್ಕೆಂದರು. ಪಟೇಲ ಬಗ್ಗಿ ಬಲಗಾಲಿನ ಎಕ್ಕಡ ಕಳಚಿ ಬೀಸಿದ. ಅದು ಅವಳ ಕಿವಿಯ ಪಕ್ಕದಲ್ಲೇ ಹಾದು ಹಿಂದಿನ ತಿಪ್ಪೆಗೆ ಬಿತ್ತು.

"ಮಂಕರಿ ಇಳ್ಸು. ಆ ಎಕ್ಕಡ ತಗಂಡು ತಲೆ ಮ್ಯಾಲೆ ಮಡೀಕ. ನಾನು ಸಾಕು ಅನ್ನೋಗಂಟ ಅಂಗೇ ನಿಂತಿರ್ಬೇಕು."

ನಿಂತಳು. ಯುಗಾದಿ ಕಳೆದ ವಾರದ ಬಿಸಿಲು ನೆತ್ತಿಗೆ ಬರುವ ತನಕ ನಿಂತಳು. ಊರಿನವರು ಹೋಗುತ್ತಾ ಬರುತ್ತಾ ನೋಡಿದರು. ಗಂಡ ಗಂಗಹನುಮಯ್ಯ ನೇಗಿಲು ಹೊತ್ತು ಅದೇ ದಾರಿಯಲ್ಲಿ ಬಂದವನು ಹೆಂಡತಿಯ ತಲೆ ನೋಡಿ ತನ್ನ ತಲೆ ತಗ್ಗಿಸಿದ. ಪಟೇಲ ಅವನನ್ನೂ ಬಿಡಲಿಲ್ಲ.

"ಏನ್ಲಾ ಗಂಗ, ನಿನ್ ಕೈಲಿ ಆಗಾಕಿಲ್ಲ ಅಂದ್ರೆ ಯೋಳು, ನಮ್ಮನೆ ಆಳು ಕಳಿಸ್ತೀನಿ. ಬರೋ ಸಂಕ್ರಾಂತಿಯೊಳಗೆ ಮೊರದಾಗೆ ಕೂಸು ತಂದು ತೋರಿಸ್ಬೇಕು. ತೋರಿಸುದ್ರೆ ನಿನ್ ಹೆಣ್ ಕೂಸ ಇನ್ನೆರಡು ವರ್ಸ ಮನೇಲೇ ಮಡೀಕ, ತೊಟ್ಲು ತೂಗ್ಲಿ. ತೋರಿಸ್ನಿಲ್ಲ ಅಂದ್ರೆ ಸಂಕ್ರಾಂತಿ ಮಾರನೇ ದಿನ ಆ ಕೂಸು ನನ್ ಕೊಟ್ಟಿಗೇಲಿರ್ಬೇಕು. ಇಲ್ದೋದ್ರೆ ನಿಮ್ಮವ್ವನ ಹಿಟ್ಟೂ ನಿಂತೋಯ್ತು."

ಅರ್ಕಾವತಿ ದಡದ ಆ ಊರಿನಲ್ಲಿ, ಪಟೇಲನ ಮನೆಯಲ್ಲಿ ‘ಮುಪ್ಪಿನ ಹಿಟ್ಟು’ ಅಂತ ಒಂದು ಕಟ್ಟಳೆಯಿತ್ತು. ಹಿಟ್ಟು ಎಂದರೆ ಅಲ್ಲಿ ರಾಗಿ ಮುದ್ದೆ. ಕೇರಿಯಲ್ಲಿ ಕೂಸು ಹುಟ್ಟಿದ ಹನ್ನೊಂದನೇ ದಿನ ಅದನ್ನು ಮೊರದಲ್ಲಿ ಮಲಗಿಸಿಕೊಂಡು ಬಂದು ಆ ಕಲ್ಲಿನ ಹತ್ತಿರ ನಿಂತು ತೋರಿಸಬೇಕು. ಪಟೇಲನ ಹೆಂಡತಿ ವರಲಕ್ಷ್ಮಮ್ಮ ಇಪ್ಪತ್ತು ಹೆಜ್ಜೆ ದೂರದ ಜಗಲಿಯಿಂದಲೇ ನೋಡಿ ‘ಹೂಂ’ ಅನ್ನುತ್ತಾಳೆ. ಅಲ್ಲಿಗೆ ಆ ಕೂಸು ಪಟೇಲನ ಆಳು. ಏಳು ತುಂಬಿದರೆ ಕೊಟ್ಟಿಗೆಗೆ, ಹತ್ತು ತುಂಬಿದರೆ ಹಿಪ್ಪುನೇರಳೆ ತೋಟಕ್ಕೆ, ಆಮೇಲೆ ಸಾಯುವ ತನಕ ಎಲ್ಲದಕ್ಕೂ. ಅದಕ್ಕೆ ಬದಲಾಗಿ ಆ ಮನೆಯ ಮುದುಕರಿಗೆ, ತೋರಿಸಿದ ದಿನದಿಂದಲೇ, ಕೂಸುಗಳ ತಲೆಲೆಕ್ಕದಲ್ಲಿ ದಿನವೂ ಹಿಟ್ಟು. ಗಂಡಾದರೆ ಒಂದು, ಹೆಣ್ಣಾದರೆ ಅರ್ಧ. ಕೂಸು ಸತ್ತರೆ ಹಿಟ್ಟೂ ಸತ್ತಿತು. ಹೀಗಾಗಿ ಕೇರಿಯಲ್ಲಿ ಮದುವೆಯಾದ ಹುಡುಗಿಗೆ ಎಷ್ಟು ಹಡೆಯಬೇಕೆಂದು ಯಾರೂ ಕೇಳುತ್ತಿರಲಿಲ್ಲ, ಮುದುಕಿಯಾದ ಮೇಲೆ ಎಷ್ಟು ಹಿಟ್ಟು ಉಣ್ಣುತ್ತೀಯಾ ಎಂದು ಕೇಳುತ್ತಿದ್ದರು.

ಮಾರಮ್ಮನ ಅತ್ತೆ ಯಲ್ಲಮ್ಮ ಆರು ಹೆತ್ತವಳು. ಕೇರಿಗೆಲ್ಲ ಸೂಲಗಿತ್ತಿ ಬೇರೆ. ಆರರಲ್ಲಿ ಮೂರು ಮಕ್ಕಳು ದೊಡ್ಡ ಜ್ವರದ ವರ್ಷ ಒಂದೇ ವಾರದಲ್ಲಿ ಹೋದವು. ಒಂದು ಪಟೇಲನ ಕಬ್ಬಿನ ಗಾಡಿಯ ಚಕ್ರಕ್ಕೆ ಸಿಕ್ಕಿತು. ಇನ್ನೊಂದು, ಹೆಣ್ಣು, ಕೊಟ್ಟಿಗೆಯಲ್ಲಿ ಹಾವು ಕಚ್ಚಿ ಸತ್ತಿತು. ಉಳಿದವನು ಗಂಗಹನುಮಯ್ಯ ಒಬ್ಬನೇ. ಅವನದೊಂದು ಹಿಟ್ಟು, ಮೊಮ್ಮಗಳು ಹೊನ್ನಿಯದು ಅರ್ಧ, ಒಟ್ಟು ಒಂದೂವರೆ. ಹೊನ್ನಿಗೆ ಬರುವ ಸಂಕ್ರಾಂತಿಗೆ ಏಳು ತುಂಬಲು ಇನ್ನೂ ಮೂರು ತಿಂಗಳು ಬಾಕಿ ಇರುತ್ತಿತ್ತು.

ಅವತ್ತು ಸಂಜೆ ಗುಡಿಸಲ ಮುಂದೆ ಕೂತು ಯಲ್ಲಮ್ಮ ಸೊಸೆಯ ಕುತ್ತಿಗೆಗೆ ಹರಳೆಣ್ಣೆ ತಿಕ್ಕಿದಳು.

"ಇನ್ನೊಂದ ಹೆತ್ತುಬುಡಮ್ಮಿ. ಒಂದೇ ಒಂದು. ಗಂಡು ಕೂಸು. ನಾಳೆ ವಯಸ್ಸಾದ್ರೆ ನಿನ್ ಪಾಲಿಗೆ ಏನೈತೆ? ಅರ್ಧ ಹಿಟ್ಟು!"

"ನೀನು ಆರು ಹೆತ್ತಲ್ಲ ಅತ್ತೆ. ನಿನ್ ಪಾಲಿಗೆ ಏನೈತೆ?"

ಯಲ್ಲಮ್ಮನ ಕೈ ನಿಂತಿತು. ಆದರೆ ಮುದುಕಿ ಬೆರಳು ಮಡಚಿ ಲೆಕ್ಕ ಹಾಕಿ, ಇದ್ದ ನಾಲ್ಕು ಹಲ್ಲು ಬಿಟ್ಟು ನಕ್ಕಳು. "ಒಂದೂವರೆ! ಆರು ಸಲ ಜೀವ ಬುಟ್ಟು ಜೀವ ಹಿಡ್ದು, ಒಂದೂವರೆ!" ಸೊಸೆಗೂ ನಗು ಹತ್ತಿಕೊಂಡಿತು. ಗಂಗಹನುಮಯ್ಯನೂ ಸೇರಿಕೊಂಡು, "ಅಂಗಾದ್ರೆ ಹೊಟ್ಟೆ ತುಂಬ ನಾಕು ಹಿಟ್ಟು ಉಣ್ಣಬೇಕಾದ್ರೆ ಎಷ್ಟವ್ವಾ ಹೆರ್ಬೇಕು?" ಅಂದ. "ಹದಿನಾರು ಕಣ್ಲಾ!" ಅಂದಳು ಯಲ್ಲಮ್ಮ. ಮೂವರೂ ಮೈ ಕುಲುಕಿ ನಕ್ಕರು. ಬೆಳಗಿನಿಂದ ಎಕ್ಕಡ ಹೊತ್ತ ತಲೆ ಅದೇ ನಗುವಿನಲ್ಲಿ ಸ್ವಲ್ಪ ಹಗುರಾಯಿತು.

ನಕ್ಕು ಮುಗಿದ ಮೇಲೆ ಮಾರಮ್ಮ ಒಳಗೆ ಇಟ್ಟುಕೊಂಡಿದ್ದ ಮಾತು ಹೊರಗೆ ಹಾಕಿದಳು.

"ನಂಗೆ ಒಂದೇ ಸಾಕು. ಕ್ಲೋಸ್‌ಪೇಟೆಯಿಂದ ರೇಶ್ಮೆ ಗೂಡು ಕೊಳ್ಳಾಕೆ ಬತ್ತಾಳಲ್ಲ ಖುರ್ಷಿದಮ್ಮ, ಅವಳು ಎರಡಕ್ಕೇ ನಿಲ್ಸವ್ಳೆ. ಬೆಂಗ್ಳೂರಾಗೆ ಮಾರಾಜರ ಸರ್ಕಾರದೋರೇ ಆಸ್ಪತ್ರೇಲಿ ಯೋಳ್ಕೊಡ್ತಾರಂತೆ, ಎಷ್ಟು ಬೇಕೋ ಅಷ್ಟೇ ಮಕ್ಕಳಂತೆ. ಹೊನ್ನೀನ ಅವಳತ್ರ ಬುಡ್ತೀನಿ. ನೂಲು ಬಿಚ್ಚೋದು ಕಲೀಲಿ. ಕಲ್ತ ಕೈಯ ಯಾವ ಪಟೇಲನೂ ಕಿತ್ಕಳಾಕೆ ಆಗಾಕಿಲ್ಲ. ನಂಗೆ ವಯಸ್ಸಾದಾಗ ಅವಳು ಎದುರಿಗೆ ಕೂತ್ಕಂಡು ಅರ್ಧ ಹಿಟ್ಟು ಇಕ್ಕುದ್ರೆ ಅದೇ ನಂಗೆ ಹಬ್ಬ."

"ಇಕ್ಕದೆ ಓದ್ರೆ?" ಅಂದಳು ಯಲ್ಲಮ್ಮ.

"ಇಕ್ಕದೆ ಓದ್ರೆ ಉಪಾಸ. ಅದು ನನ್ ಉಪಾಸ ಅತ್ತೆ, ಪಟೇಲಂದಲ್ಲ."

ಬೆಂಗಳೂರಿನ ಆಸ್ಪತ್ರೆಗೆ ಹೋಗಲು ಪಟೇಲ ಒಂದು ದಿನವಾದರೂ ಬಿಡಬೇಕಲ್ಲ! ಹಾಗಾಗಿ ಗಂಡ ಹೆಂಡಿರು ಆಸ್ಪತ್ರೆಯನ್ನು ಮನೆಗೇ ತಂದರು. ಇಬ್ಬರ ಚಾಪೆಗಳ ನಡುವೆ ಬೀಸುವ ಕಲ್ಲು ಬಂತು. ಗಂಗಹನುಮಯ್ಯ ಒಳ್ಳೆಯವನೇ, ಆದರೆ ಮನುಷ್ಯನೇ. ಒಂದು ಸಲ ಕಲ್ಲು ದಾಟಲು ಹೋಗಿ ಕಾಲಿನ ಹೆಬ್ಬೆರಳು ಜಜ್ಜಿಕೊಂಡ. ಮಾರನೆಯ ದಿನ ಕುಂಟುತ್ತಾ ನೇಗಿಲು ಹಿಡಿದವನನ್ನು ಕೇರಿಯ ಗಂಡಸರೆಲ್ಲ "ಏನ್ಲಾ, ರಾತ್ರಿ ರಾಗಿ ಬೀಸ್ತಿದ್ಯಾ?" ಎಂದು ಕೇಳಿ ಕೇಳಿ ಸುಸ್ತು ಮಾಡಿದರು. ಆದರೆ ಮನೆಗೆ ಹೋಗಿ ಹೆಂಡತಿಯರಿಗೆ ಹೇಳಿದಾಗ ಹೆಂಡತಿಯರು ನಗಲಿಲ್ಲ. ಒಬ್ಬೊಬ್ಬಳೂ ತನ್ನ ಬೀಸುವ ಕಲ್ಲಿನ ಕಡೆ ನೋಡಿದಳು.

ಮುಂಗಾರು ಬಂತು, ಹೋಯಿತು. ಮಾರಮ್ಮನ ಹೊಟ್ಟೆ ಬೆನ್ನಿಗಂಟಿಕೊಂಡೇ ಇತ್ತು. ಗುಡಿಸಲ ಮೇಲೆ ಹಬ್ಬಿದ್ದ ಬೂದುಗುಂಬಳದ ಬಳ್ಳಿ ಮಾತ್ರ ಅವಳ ಬದಲಿಗೆ ಹಡೆದಿತ್ತು, ಮೈತುಂಬ ಬೂದಿ ಬಳಿದುಕೊಂಡ ಒಂದು ದಪ್ಪ ಕಾಯಿ. ಸಂಕ್ರಾಂತಿಗೆ ಇನ್ನು ಎಂಟು ದಿನ. ಅತ್ತೆ ಸೊಸೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಹೊನ್ನಿಯನ್ನು ಕದ್ದು ಕ್ಲೋಸ್‌ಪೇಟೆಗೆ ಕಳಿಸಿದರೆ ಮುದುಕಿಯ ಹಿಟ್ಟು ಹೋಗುತ್ತದೆ. ಕಳಿಸದಿದ್ದರೆ ಹೊನ್ನಿಯೇ ಹೋಗುತ್ತಾಳೆ. ಕಾಯಿಯನ್ನಾದರೂ ಹಾರೋಹಳ್ಳಿ ಸಂತೆಯಲ್ಲಿ ಮಾರಿ ಒಂದಿಷ್ಟು ರಾಗಿ ತರೋಣವೆಂದು ಮಾರಮ್ಮ ಅದನ್ನು ಕುಯ್ದು, ಮೊರದಲ್ಲಿಟ್ಟು, ಮೇಲಿನ ಬೂದಿ ಉಜ್ಜಿಹೋಗದಿರಲೆಂದು ಹಳೆಯ ಬಟ್ಟೆ ಸುತ್ತಿ ಹೊರಟಳು. ಹಿಂದೆ ಯಲ್ಲಮ್ಮ, ಅವಳ ಹಿಂದೆ ಹುಲ್ಲಿನ ಹೊರೆ ಹೊತ್ತ ಗಂಗಹನುಮಯ್ಯ. ಸಂತೆಯ ದಾರಿ ಪಟೇಲನ ಮನೆಯ ಮುಂದೆಯೇ.

"ಯಾರ್ದೇ ಅದು ಕೂಸು?"

ಜಗಲಿಯ ಮೇಲಿಂದ ವರಲಕ್ಷ್ಮಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು.

ಮಾರಮ್ಮ ‘ಕಾಯಿ ಕಣವ್ವಾ’ ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ, ಸಾವಿರ ಹೆರಿಗೆ ಮಾಡಿಸಿದ ಗಂಭೀರ ದನಿಯಲ್ಲಿ ಯಲ್ಲಮ್ಮ ಹೇಳಿಬಿಟ್ಟಳು:

"ನಮ್ ಮಾರೀದೇ ಕಣವ್ವಾ. ಗಂಡು ಕೂಸು. ಇವತ್ತಿಗೆ ಹನ್ನೊಂದು ದಿನ."

"ಬಸ್ರಿ ಆಗಿದ್ದೇ ಗೊತ್ತಾಗ್ನಿಲ್ವಲ್ಲೇ?"

ಹೇಗೆ ಗೊತ್ತಾಗಬೇಕು? ಕೇರಿಯ ಹೆಂಗಸಿನ ತಲೆಯ ಮೇಲಿನ ಮಂಕರಿ ತುಂಬಿದೆಯೋ ಇಲ್ಲವೋ ಎಂದು ನೋಡುವ ಮನೆ ಅದು, ಹೊಟ್ಟೆ ಯಾರು ನೋಡುತ್ತಾರೆ? ಮಾರಮ್ಮ ಮೊರದಲ್ಲಿದ್ದ ಕಾಯಿ ಉರುಳದಂತೆ ಎದೆಗೆ ಒತ್ತಿಕೊಂಡಳು. ಅದೇ ಹೊತ್ತಿಗೆ ಹುಲ್ಲಿನ ಹೊರೆಯ ಕೆಳಗಿನಿಂದ "ಙಾ... ಙಾ..." ಎಂದು ಎಳೆಗೂಸು ಅಳುವ ಸದ್ದು ಬಂತು. ನರಿ, ಬೆಕ್ಕು, ಅಮಲ್ದಾರರ ಕುದುರೆ, ಏನು ಬೇಕಾದರೂ ಕೂಗಬಲ್ಲ ಗಂಗಹನುಮಯ್ಯ ಮುಖ ಕಾಣದಂತೆ ಹುಲ್ಲು ಇಳಿಬಿಟ್ಟುಕೊಂಡು ಅಳುತ್ತಿದ್ದ.

ಮಾರಮ್ಮನ ರೋಗ ಕೆರಳಿತು. ನಗು ಹೊಟ್ಟೆಯಿಂದ ಎದ್ದು ಭುಜ ಅಲುಗಿಸಿ ಕಣ್ಣಲ್ಲಿ ನೀರಾಗಿ ಸುರಿಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಅಳಬ್ಯಾಡ ಬುಡೇ, ಗಂಡು ಕೂಸು ಹುಟ್ಟೈತೆ, ಸಂತೋಸ ಪಡು," ಅಂದಳು ವರಲಕ್ಷ್ಮಮ್ಮ. "ಬೋ ಬೆಳ್ಳಗೈತಲ್ಲೇ! ಹೂಂ."

ಹೂಂ ಅಂದಾಯಿತು! ಮೂವರೂ ಸಂತೆಯ ದಾರಿ ಬಿಟ್ಟು ತಿರುಗಿ, ಕೇರಿ ಸೇರುವ ತನಕ ಉಸಿರು ಬಿಗಿಹಿಡಿದು ನಡೆದು, ಗುಡಿಸಲೊಳಗೆ ಬಿದ್ದು ಹೊರಳಾಡಿ ನಕ್ಕರು. ಮಾರನೆಯ ದಿನ ಯಲ್ಲಮ್ಮನ ಪಾಲಿಗೆ ಎರಡೂವರೆ ಹಿಟ್ಟು ಬಂತು. ಕಾಯಿಗೆ ಬೂದಯ್ಯ ಎಂದು ಹೆಸರಿಟ್ಟರು. ಬೂದಯ್ಯ ರಾತ್ರಿ ಎದ್ದು ಅಳಲಿಲ್ಲ, ಹಾಲು ಕೇಳಲಿಲ್ಲ, ಮೂಲೆಯಲ್ಲಿ ಕೂತು ಅಜ್ಜಿಗೆ ದಿನವೂ ಒಂದು ಹಿಟ್ಟು ದುಡಿದ. ಸಂಕ್ರಾಂತಿಯ ಮಾರನೆಯ ದಿನ ಹೊನ್ನಿಯನ್ನು ಕರೆದೊಯ್ಯಲು ಯಾರೂ ಬರಲಿಲ್ಲ.

ಕೇರಿಯಲ್ಲಿ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಶಿವರಾತ್ರಿ ಬರುವಷ್ಟರಲ್ಲಿ ಇನ್ನೂ ಐದು ಗುಡಿಸಲಿನಲ್ಲಿ ಹೆರಿಗೆಯಾಯಿತು. ಎಲ್ಲವೂ ಗಂಡೇ, ಎಲ್ಲವೂ ಬೆಳ್ಳಗೆ. ಸೂಲಗಿತ್ತಿ ಯಲ್ಲಮ್ಮ ಪ್ರತಿ ಸಲವೂ ಮೊರದ ಹಿಂದೆ ನಿಂತು "ಹನ್ನೊಂದು ದಿನ ಕಣವ್ವಾ" ಅಂದಳು. ಗಂಗಹನುಮಯ್ಯ ಪ್ರತಿ ಸಲವೂ ಹುಲ್ಲಿನ ಹೊರೆ ಹೊತ್ತು ಅತ್ತ, ಒಂದೊಂದು ಕೂಸಿಗೂ ಬೇರೆ ಬೇರೆ ದನಿ. ಒಂದಕ್ಕೆ ಬಿಕ್ಕಳಿಕೆ ಬೇರೆ ಕೊಟ್ಟಿದ್ದ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಕೇರಿಯ ಮುದುಕರು ಉಂಡು ತೇಗಿದರು. ಪಟೇಲ ಬೈರಪ್ಪನೂ ಹಿಗ್ಗಿದ. ಎಕ್ಕಡದ ಮಹಿಮೆ ಇದು ಎಂದು ಜಗಲಿಯ ಮೇಲೆ ಹೇಳಿಕೊಂಡ. ಜನನದ ಪುಸ್ತಕದಲ್ಲಿ ಆರು ಹೆಸರನ್ನೂ ತಾನೇ ಬರೆದು ರುಜು ಹಾಕಿ ಕಾನಕಾನಹಳ್ಳಿಯ ಕಚೇರಿಗೆ ಕಳಿಸಿದ.

ಆ ಪುಸ್ತಕವೇ ದಾಕು ಹಾಕುವವರನ್ನು ಕರೆತಂದಿತು. ಸಿಡುಬು ಬಾರದಂತೆ ಎಳೆಕೂಸುಗಳ ತೋಳಿಗೆ ಚುಚ್ಚುವ ಇನ್‌ಸ್ಪೆಕ್ಟರು ಯುಗಾದಿಯ ಹಿಂದಿನ ದಿನ ಸೈಕಲ್ಲಿನಲ್ಲಿ ಬಂದು, ಪಟೇಲನ ಜಗಲಿಯಲ್ಲಿ ಎಳನೀರು ಕುಡಿದು, ಚೀಟಿ ತೆಗೆದರು. ಕೇರಿಯಲ್ಲಿ ಆರು ಕೂಸು. ತಾವು ಅಲ್ಲಿಗೆ ಹೋಗುವುದಿಲ್ಲ, ಅವನ್ನು ಇಲ್ಲಿಗೇ ತರಿಸಿ ಎಂದರು. ಪಟೇಲನಿಂದ ಹೇಳಿಕೆ ಬಂತು.

ಕೇರಿಗೆ ಕೇರಿಯೇ ತಣ್ಣಗಾಯಿತು. ಯಾರೋ ಕಾಡಿಗೆ ಓಡೋಣ ಅಂದರು. ಯಾರೋ ಆರೂ ಕೂಸು ಸತ್ತವು ಎಂದು ಬಾಯಿ ಬಡಿದುಕೊಳ್ಳೋಣ ಅಂದರು. ಮಾರಮ್ಮ ಹೊನ್ನಿಯ ಕೈ ಹಿಡಿದು ನಿಂತಿದ್ದಳು. ಸತ್ತವು ಅಂದರೆ ಹಿಟ್ಟು ನಿಲ್ಲುತ್ತದೆ, ನಾಳೆಯೇ ಹೊನ್ನಿಯನ್ನು ಕೇಳುತ್ತಾನೆ, ಬರುವ ವರ್ಷ ಮತ್ತೆ ಎಕ್ಕಡ. ಎಷ್ಟು ಸಲ?

"ಕೂಸು ತನ್ನಿ ಅಂದವ್ರೆ ತಾನೆ?" ಅಂದಳು. "ತಗಂಡು ಓಗಾನ ಬನ್ರಿ."

ಆರು ಹೆಂಗಸರು ಆರು ಮೊರ ಹೊತ್ತು ಹೊರಟರು. ಹಿಂದೆ ಕೇರಿಯ ಮುದುಕರು, ಗಂಡಸರು, ಮಕ್ಕಳು. ಹೆದರಿಕೆಯೋ ಸಂಭ್ರಮವೋ ಅವರಿಗೇ ತಿಳಿಯಲಿಲ್ಲ. ಯಾವಳೋ ಒಬ್ಬಳು ಜೋಗುಳ ಶುರು ಮಾಡಿದಳು, ಉಳಿದವರು ಸೊಲ್ಲು ಕೊಟ್ಟರು. ಕಲ್ಲಿನ ಹತ್ತಿರ ಬಂದು ಸಾಲಾಗಿ ಮೊರ ಇಳಿಸಿ ಕೂತರು.

ಇನ್‌ಸ್ಪೆಕ್ಟರು ಮೂಗಿಗೆ ಕರವಸ್ತ್ರ ಹಿಡಿದು ನಾಲ್ಕು ಹೆಜ್ಜೆ ಮುಂದೆ ಬಂದರು. "ಬಟ್ಟೆ ತೆಗೀರಮ್ಮ. ತೋಳು ಕಾಣಲಿ."

ಮಾರಮ್ಮ ಬಟ್ಟೆ ತೆಗೆದಳು.

ಬಿಸಿಲಿನಲ್ಲಿ ಬೂದಯ್ಯ ಹೊಳೆದ. ಆಮೇಲೆ ಅವನ ತಮ್ಮಂದಿರು ಐವರೂ ಒಬ್ಬೊಬ್ಬರಾಗಿ ಹೊಳೆದರು. ಇನ್‌ಸ್ಪೆಕ್ಟರ ಕೈಯಲ್ಲಿದ್ದ ಸೂಜಿ ಕೈಯಲ್ಲೇ ಉಳಿಯಿತು. ಅವರು ಚೀಟಿ ನೋಡಿದರು, ಕಾಯಿ ನೋಡಿದರು, ಪಟೇಲನ ಮುಖ ನೋಡಿದರು. "ಪಟೇಲರೇ, ರುಜು ನಿಮ್ಮದೇ ಅಲ್ಲವೇ? ದಾಕು ಯಾವ ತೋಳಿಗೆ ಹಾಕಲಿ?" ಎಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಇಡೀ ಕೇರಿ ಕಾಯುತ್ತಿದ್ದದ್ದು ಅದಕ್ಕೇ ಏನೋ. ಮುದುಕರು ನಕ್ಕರು, ಮಕ್ಕಳು ನಕ್ಕವು, ಕೊಟ್ಟಿಗೆಯ ಆಳುಗಳು ಗೋಡೆ ಹಿಡಿದು ನಕ್ಕರು.

ಪಟೇಲನ ಮುಖ ಕಪ್ಪಿಟ್ಟಿತು. "ಬೋಳಿಮಕ್ಕಳಾ! ನನ್ನ ಹಿಟ್ಟು ತಿಂದು ನಂಗೇ... ಯಾವ ಮುಂಡೆ ಕಲ್ಸಿದ್ದು ಇದ? ಮಾರೀ, ನೀನೇ ಅಲ್ವೇನೇ? ಇವತ್ತಿಗೆ ಎಲ್ಲಾರ್ದೂ ಹಿಟ್ಟು ನಿಂತೋಯ್ತು! ನಿನ್ ಹೆಣ್ ಕೂಸು ಈಗಿಂದೀಗ ಕೊಟ್ಟಿಗೆಗೆ ಬರ್ಬೇಕು!"

"ನಾನು ಸುಳ್ಳು ತೋರಿಸ್ನಿಲ್ಲ ಬುದ್ದಿ," ಅಂದಳು ಮಾರಮ್ಮ. ನಗು ಇನ್ನೂ ದನಿಯಲ್ಲಿತ್ತು, ಆದರೆ ದನಿ ನಡುಗಲಿಲ್ಲ. "ಒಂದ್ ಸಲ ಅತ್ರ ಬಂದು ಮುಟ್ಟಿ ನೋಡಿದ್ರೆ ನಿಮಗೇ ತಿಳೀತಿತ್ತು. ನಂಗೆ ಒಂದೇ ಕೂಸು, ಹೊನ್ನಿ. ಅವಳ ಕೊಡಾಕಿಲ್ಲ. ಇನ್ನೊಂದ ಹೆರಾಕಿಲ್ಲ."

ಪಟೇಲ ಉತ್ತರ ಕೊಡುವ ಮೊದಲೇ ಯಲ್ಲಮ್ಮ ಎದ್ದಳು. ಮೊರದಿಂದ ಒಂದು ಕಾಯಿ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು, ಎಷ್ಟೋ ಕೂಸುಗಳನ್ನು ಕೂರಿಸಿಕೊಂಡಿದ್ದ ಸೊಂಟ ಅದು. ಕಲ್ಲು ದಾಟಿದಳು.

"ಏಯ್! ತಡೀರ್ಲಾ ಅವಳ!"

ಪಟೇಲನ ನೆಂಟರು, ಮನೆಯವರು ನಾಲ್ಕು ಜನ ಮುಂದೆ ಬಂದರು. ತಡೆಯಬೇಕೆಂದರೆ ಮುಟ್ಟಬೇಕು. ಮುದುಕಿ ಬಂದಷ್ಟೂ ಅವರು ಹಿಂದೆ ಸರಿದರು. ಇನ್‌ಸ್ಪೆಕ್ಟರು ಸೈಕಲ್ಲನ್ನು ಎತ್ತಿಕೊಂಡೇ ಪಕ್ಕಕ್ಕೆ ಹೋದರು. ಇಪ್ಪತ್ತು ಹೆಜ್ಜೆ. ಐವತ್ತು ವರ್ಷದಲ್ಲಿ ಅವಳು ನಡೆಯದಿದ್ದ ಇಪ್ಪತ್ತು ಹೆಜ್ಜೆ. ಜಗಲಿ ಏರಿ, ಹೊಸಲಿನ ಮುಂದೆ ನಿಂತು, ಕಾಯಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿದಳು.

"ನನ್ ದೊಡ್ಡಯ್ಯ!" ಎಂದು ಕೂಗಿ ಹೊಸಲಿಗೆ ಅಪ್ಪಳಿಸಿದಳು.

ಕಾಯಿ ಒಡೆದು ಬಿಳಿಯ ತಿರುಳು ಬಾಗಿಲ ತುಂಬ ಸಿಡಿಯಿತು. ಒಳಗೆ ವರಲಕ್ಷ್ಮಮ್ಮ ಚೀರಿದಳು. ಯಲ್ಲಮ್ಮ ತಿರುಗಿ ಬಂದು ಇನ್ನೊಂದು ಕಾಯಿ ಎತ್ತಿಕೊಂಡಳು. "ನನ್ ಚೆನ್ನಯ್ಯ!" ಮತ್ತೊಂದು. "ನನ್ ಮುನಿಯ!" ಗಾಡಿಯ ಚಕ್ರಕ್ಕೆ ಸಿಕ್ಕವನು, "ನನ್ ಬೈರ, ನಿನ್ ಹೆಸ್ರೇ ಇಟ್ಟಿದ್ದೆ ಕಣೋ ಪಟೇಲಾ!" ಕೊನೆಗೆ ಹಾವು ಕಚ್ಚಿದವಳು, "ನನ್ ಪುಟ್ಟಿ, ಅರ್ಧ ಹಿಟ್ಟಿನ ಪುಟ್ಟಿ!" ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಕೇರಿಯವರು ಒಂದೊಂದು ಹೆಸರಿಗೂ ಹೋ ಎಂದು ಕೂಗುತ್ತಿದ್ದರು. ಪಟೇಲ ಬಗ್ಗಿ ಬಲಗಾಲಿನ ಎಕ್ಕಡ ಕಳಚಿ ಬೀಸಿದ. ಅದು ಮುದುಕಿಯ ತಲೆಯ ಮೇಲೆ ಹಾರಿ, ಕಲ್ಲು ದಾಟಿ, ಹೆಂಗಸರ ನಡುವೆ ಬಿತ್ತು. ಯಾರೂ ಅದನ್ನು ಎತ್ತಿ ತಲೆಯ ಮೇಲಿಡಲಿಲ್ಲ.

ಆರನೆಯದು ಬೂದಯ್ಯ. ಯಲ್ಲಮ್ಮ ಅವನನ್ನು ಎತ್ತಿಕೊಂಡು ಒಮ್ಮೆ ತಟ್ಟಿ ನೋಡಿ ಸೊಸೆಯ ಮೊರಕ್ಕೆ ಹಾಕಿದಳು.

"ಇವ್ನು ಗಂಗ. ಇವ್ನು ಬದುಕವ್ನೆ. ಇವನ್ನ ಒಡ್ಯಾಕಿಲ್ಲ. ನಡೀರಿ, ಹುಳಿ ಮಾಡಾನ."

ಮಾರಮ್ಮ ಒಂದು ಕಂಕುಳಲ್ಲಿ ಮೊರ, ಇನ್ನೊಂದು ಕೈಯಲ್ಲಿ ಹೊನ್ನಿಯನ್ನು ಹಿಡಿದುಕೊಂಡಳು. ಕೇರಿಯೆಲ್ಲ ಎದ್ದಿತು, ಕೊಟ್ಟಿಗೆಯ ಆಳುಗಳೂ ಕಸಬರಿಕೆ ಒರಗಿಸಿ ಹೊರಗೆ ಬಂದರು. ಅವರು ಕೇರಿಯ ಕಡೆ ತಿರುಗಲಿಲ್ಲ, ಕ್ಲೋಸ್‌ಪೇಟೆಯ ರಸ್ತೆ ಹಿಡಿದರು. ಹುಳಿಗೆ ಖುರ್ಷಿದಮ್ಮನ ಒಲೆ ಆದೀತು. ಆಮೇಲಿನ ಹಿಟ್ಟು ಎಲ್ಲಿಂದ ಎಂದು ಯಾರಿಗೂ ಗೊತ್ತಿರಲಿಲ್ಲ. ಗಂಗಹನುಮಯ್ಯ ಮುಂದೆ ಮುಂದೆ ಎಳೆಗೂಸಿನಂತೆ ಅಳುತ್ತಾ ಹೋಗುತ್ತಿದ್ದ, ಹೊನ್ನಿ ಬಿದ್ದು ಬಿದ್ದು ನಗುತ್ತಿದ್ದಳು.

"ಯಾರ್ಲಾ ಅಲ್ಲಿ! ಇದ ಬಳೀರ್ಲಾ!" ಪಟೇಲ ಕೂಗಿದ.

ಕೇರಿಯವರು ಮುಟ್ಟಿದ ಕಾಯಿ. ಅದನ್ನು ಮನೆಯವರು ಮುಟ್ಟುವಂತಿಲ್ಲ. ಬಳಿಯಲು ಕೇರಿಯವರೇ ಬರಬೇಕು, ಕೇರಿಯವರು ಹೊಸಲಿಗೆ ಬರುವಂತಿಲ್ಲ. ವರಲಕ್ಷ್ಮಮ್ಮ ಒಳಗಿನಿಂದ ನೋಡುತ್ತಿದ್ದಳು, ಇನ್‌ಸ್ಪೆಕ್ಟರು ಹೊರಗಿನಿಂದ ನೋಡುತ್ತಿದ್ದರು. ಪಟೇಲ ಬೈರಪ್ಪ ತನ್ನ ಮನೆಯ ಬಾಗಿಲಲ್ಲಿ ಎಕ್ಕಡವಿಲ್ಲದ ಬಲಗಾಲನ್ನು ಮೇಲಕ್ಕೆತ್ತಿಕೊಂಡು, ಎಲ್ಲಿ ಊರುವುದೆಂದು ತಿಳಿಯದೆ ನಿಂತಿದ್ದ.